ನಾಲ್ಕನೆಯ ಮೂಟೆ

ಎಂಟು ತಿಂಗಳಿಂದ ಅತ್ತೆಯ ಹದಿಮೂರು ಎಲೆಗಳು ಅವರ ತಂಗಿಯ ಮನೆಯ ಮೇಜಿನ ಮೇಲೆ, ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಕೆಳಗೆ ಬೋರಲಾಗಿ ಬಿದ್ದಿದ್ದವು. ಕರೆಂಟು ಹೋಗಿ ಅರ್ಧಕ್ಕೆ ನಿಂತ ಇಸ್ಪೀಟಾಟ ಅದು. ಮುಗಿಸಬೇಕೆಂದರೆ ಅತ್ತೆ ಏರು ಹತ್ತಬೇಕು, ಇಲ್ಲವೇ ತಂಗಿ ಇಳಿದು ಬರಬೇಕು. ಇಬ್ಬರ ಮಂಡಿಗಳೂ ಒಪ್ಪುವುದಿಲ್ಲ. ಫೋನಿನಲ್ಲಿ ಆಡಿ ನೋಡಿದರು. ಹತ್ತೇ ನಿಮಿಷಕ್ಕೆ, "ನೀನು ಮೋಸ ಮಾಡ್ತಿದ್ದೀಯ" ಎಂದು ಇಬ್ಬರೂ ಒಟ್ಟಿಗೆ ಫೋನು ಕುಕ್ಕಿದರು.

ಅವರ ಬಡಾವಣೆ ಗುಡ್ಡದ ಮೈಗೆ ಅಂಟಿಕೊಂಡದ್ದು. ಮೇಲಿನ ಸಾಲಿನ ಮನೆಗಳಿಗೆ ಹೋಗುವ ಓಣಿ ಎಷ್ಟು ಇಕ್ಕಟ್ಟೆಂದರೆ ಅಲ್ಲಿ ಕಾರು ನುಗ್ಗುವುದಿಲ್ಲ. ಅದಕ್ಕೇ ನಿವಾಸಿಗಳ ಸಂಘದವರು ಯಾವುದೋ ಗಾಲ್ಫ್ ಮೈದಾನದಿಂದ ಹಳೆಯ ಬ್ಯಾಟರಿ ಗಾಡಿಯೊಂದನ್ನು ತಂದು ಓಡಿಸುತ್ತಿದ್ದರು. ಹುಲ್ಲಿನ ಮೇಲೆ ಹಾಯಾಗಿ ಅಡ್ಡಾಡಿಕೊಂಡಿದ್ದ ಗಾಡಿಗೆ ಏರು ಕಂಡರೆ ಏದುಸಿರು. ಅದರ ಡ್ರೈವರನಿಗೆ ಊರೆಲ್ಲ ಇಟ್ಟ ಹೆಸರು ಹಾರ್ನಪ್ಪ. ಗಾಡಿ ಓಡಲಿ ಬಿಡಲಿ, ಹಾರ್ನು ಹೊಡೆಯುವುದನ್ನು ಮಾತ್ರ ಅವನು ಬಿಟ್ಟವನಲ್ಲ.

ಆಟ ನಿಂತ ಮರುವಾರವೇ ಅತ್ತೆ ಅದನ್ನು ಮುಗಿಸಲು ಹೊರಟಿದ್ದರು. ನೀಲಿ ಗೇಟಿನ ತಿರುವಿನಲ್ಲಿ ಗಾಡಿ ಜಪ್ಪಯ್ಯ ಎಂದರೂ ಮುಂದೆ ಹೋಗಲಿಲ್ಲ. ಆ ಮನೆಯ ನಿವೃತ್ತ ಬಸ್ ಕಂಡಕ್ಟರು ಗಿಡಗಳಿಗೆ ನೀರು ಹಾಕುತ್ತ, "ಸ್ವಲ್ಪ ಇಳಿದ್ಬಿಡಿ ಅಮ್ಮಾ, ಪಾಪ, ಗಾಡಿ ಬದುಕ್ಕೊಳ್ಳಲಿ" ಎಂದರು. ತಮಾಷೆಗೆ ಅಂದದ್ದೇ. ಓಣಿಯೆಲ್ಲ ನಕ್ಕಿತು. ಅತ್ತೆಯೂ ನಕ್ಕರು, ಇಳಿದರು, ಗೋಡೆ ಹಿಡಿದುಕೊಂಡು ಮನೆಗೆ ಬಂದರು. ಅಲ್ಲಿಂದಾಚೆಗೆ ಅವರು ಆ ಗಾಡಿಯ ಸುದ್ದಿಯನ್ನೇ ಎತ್ತಲಿಲ್ಲ.

ಅದು ಮನಸ್ಸಿಗೆ ತಟ್ಟಿದ್ದು ಸೊಸೆಗೆ. ಮನೆಯ ಮುಂದಿನ ಕೋಣೆಯಲ್ಲೇ ಅವಳ ಮೋಟಾರ್ ರಿಪೇರಿ ಅಂಗಡಿ. ಸುಟ್ಟ ಪಂಪು, ಮಿಕ್ಸಿ, ಫ್ಯಾನು ಯಾವುದೇ ಬರಲಿ, ಹಳೆಯ ತಂತಿ ಕಿತ್ತು ಹೊಸದು ಸುತ್ತಿ ಜೀವ ಬರಿಸುವವಳು. ಊರಿನ ಮೋಟಾರುಗಳನ್ನೆಲ್ಲ ಎಬ್ಬಿಸುವ ತಾನು ಮನೆಯ ಹಿರಿಯರನ್ನು ಒಂದು ಏರು ಹತ್ತಿಸಲಾರೆನೇ ಎಂದುಕೊಂಡು ಸಂಘದವರನ್ನು ಒಪ್ಪಿಸಿ ಗಾಡಿ ತರಿಸಿದಳು.

"ಇದರ ಮೋಟಾರು ಸಮತಟ್ಟು ನೆಲಕ್ಕೆ ಮಾಡಿದ್ದು. ಓಟ ಜಾಸ್ತಿ, ಎಳೆತ ಕಮ್ಮಿ. ತಂತಿ ಸುತ್ತು ಹೆಚ್ಚಿಸಿದ್ರೆ ಎಳೆತ ಬರುತ್ತೆ, ಓಟ ಬಿಟ್ಕೊಡಬೇಕು," ಎಂದಳು.

"ಹಾರ್ನಿಗೇನೂ ಆಗಲ್ವಲ್ಲ ಅಕ್ಕಾ?" ಎಂದ ಹಾರ್ನಪ್ಪ.

ಎಷ್ಟು ಭಾರ ಎಳೆಯಬೇಕು ಎಂಬುದೊಂದು ಗೊತ್ತಾಗಬೇಕಿತ್ತು. ಪಂಪು ತಂದ ಗಿರಾಕಿಗೆ "ಬಾವಿ ಎಷ್ಟು ಆಳ?" ಎಂದು ಮುಖಕ್ಕೇ ಕೇಳುವ ಹೆಂಗಸು, ಆದರೆ ಅತ್ತೆಯ ತೂಕ ಕೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಗಂಡನನ್ನು ಕೇಳಿದಳು. ಅವನು ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಎಂಬತ್ತು ಅಂತಿಟ್ಕೋ" ಎಂದ. ಹೆತ್ತವಳ ಮೇಲಿನ ಗೌರವಕ್ಕೆ ಒಂದಷ್ಟು ಕಳೆದೇ ಹೇಳಿದ್ದ. ಸೊಸೆ ತನ್ನ ಪಾಲಿನ ಗೌರವಕ್ಕೆ ಇನ್ನೈದು ಕಳೆದಳು. ಇಪ್ಪತ್ತೈದು ಕೆ.ಜಿ.ಯ ಮೂರು ಮರಳಿನ ಮೂಟೆಗಳು ಹಿಂದಿನ ಸೀಟಿನಲ್ಲಿ ಕೂತವು.

ಹೊಸದಾಗಿ ಸುತ್ತಿದ ಮೋಟಾರು ಅವನ್ನು ಹೊತ್ತು ನೀಲಿ ಗೇಟು ದಾಟಿ ಹೋಗಿ ಬಂದಾಗ ಹಾರ್ನಪ್ಪನ ಸಂಭ್ರಮ ಹೇಳತೀರದು. ಅವನ ಹಾರ್ನಿನ ಗಲಾಟೆಗೆ ಅತ್ತೆ ಬಾಗಿಲಿಗೆ ಬಂದರು.

"ಏನೇ ಅದು, ನನ್ನ ಸೀಟಲ್ಲಿ?"

ಸೊಸೆ ಮೂಟೆಗಳಿಗೆ ಅಡ್ಡ ನಿಂತಳು. "ಮರಳು, ಅತ್ತೆ."

"ಅದು ಕಾಣುತ್ತೆ. ಇದು ನಾನಾ?"

ಹಾರ್ನಪ್ಪ ಆಕಾಶ ನೋಡತೊಡಗಿದ. ಅತ್ತೆ ಮೆಟ್ಟಿಲಿಳಿದು ಬಂದು ಒಂದೊಂದೇ ಮೂಟೆ ಮುಟ್ಟಿ ಎಣಿಸಿದರು, ಮೇಲಿನ ತೂಕದ ಚೀಟಿ ಓದಿದರು.

"ಮೂರೇ ಮೂರಾ? ಮರ್ಯಾದೆ ಕೊಟ್ಟು ಕೊಟ್ಟು ಮತ್ತೆ ಅದೇ ತಿರುವಲ್ಲಿ ನನ್ನನ್ನ ಇಳಿಸ್ಬೇಕು ಅಂತಿದ್ದೀಯಾ?"

ಸೊಸೆಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಎಂಟು ತಿಂಗಳಲ್ಲಿ ಅತ್ತೆ ಆ ತಿರುವಿನ ಮಾತೆತ್ತಿದ್ದು ಇದೇ ಮೊದಲು.

"ತೊಂಬತ್ತಾರು," ಎಂದರು ಅತ್ತೆ, ಓಣಿಗೆಲ್ಲ ಕೇಳುವಂತೆ. "ಡಾಕ್ಟರು ಹೋದ ವಾರ ನೋಡಿದ್ದು. ಕೈಚೀಲ, ನೀರಿನ ಬಾಟ್ಲಿ ಎಲ್ಲಾ ಸೇರಿಸಿ ನೂರು ಮಾಡು. ಹಾಕು ಇನ್ನೊಂದು ಮೂಟೆ."

ನಾಲ್ಕನೆಯದನ್ನೂ ಹೇರಿಕೊಂಡು ಗಾಡಿ ಹತ್ತಿತೇನೋ ನಿಜ. ಆದರೆ ತಿರುವಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಲು ನೋಡಿದರೆ ಮೋಟಾರು ಗುಂಯ್ ಎಂದಿತೇ ಹೊರತು ಚಕ್ರ ಅಲುಗಲಿಲ್ಲ. ಸೊಸೆ ಪೆಚ್ಚುಮೋರೆ ಹಾಕಿಕೊಂಡು ಬಂದು ಇದ್ದದ್ದು ಇದ್ದಂತೆ ಹೇಳಿದಳು: "ಓಡೋ ರಭಸದಲ್ಲಿ ಹತ್ತೋದು ದೊಡ್ಡ ವಿಷಯ ಅಲ್ಲ ಅತ್ತೆ. ನಿಂತಲ್ಲಿಂದ ಎಳೀಬೇಕು. ಆಗ್ಲೇ ನಂಬಬಹುದು."

"ಹಾಗಾದ್ರೆ ನಂಬೋ ಹಾಗೆ ಮಾಡು. ನಾನೇನು ಓಡಿಹೋಗ್ತೀನಾ?"

ಒಂದು ವಾರ ಅವಳು ಬೇರೆ ಯಾವ ಮೋಟಾರನ್ನೂ ಮುಟ್ಟಲಿಲ್ಲ. ಬ್ಯಾಟರಿಯಿಂದ ಎಷ್ಟು ಕರೆಂಟು ಬಿಡಬೇಕೆಂದು ನೋಡಿಕೊಳ್ಳುವ ಕಂಟ್ರೋಲರ್ ಡಬ್ಬಿಯನ್ನು ತೆಗೆದು ದೊಡ್ಡದನ್ನು ಕೂರಿಸಿದಳು. ಸಪೂರ ಕೇಬಲ್ಲುಗಳ ಜಾಗಕ್ಕೆ ಹೆಬ್ಬೆರಳು ದಪ್ಪದವು ಬಂದವು. ಗೇರಿನ ಹಲ್ಲುಚಕ್ರಗಳನ್ನೂ ಬದಲಾಯಿಸಿದಳು. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸ್ಪ್ಯಾನರು ಕೊಡುತ್ತ, ಕೇಳದಿದ್ದರೂ ಸಲಹೆ ಕೊಡುತ್ತ ಕೂತರು. ಅಂಗಡಿ ಇಷ್ಟು ಗೆಲುವಾಗಿದ್ದು ಎಷ್ಟೋ ದಿನವಾಗಿತ್ತು.

ಭಾನುವಾರ ಬೆಳಗ್ಗೆ ನಾಲ್ಕು ಮೂಟೆ ಇಳಿದವು, ತಂಗಿಯ ಮನೆಗೆಂದು ಅತ್ತೆ ಹತ್ತಿ ಕೂತರು. ಸೊಸೆ ಜಾಗ್ರತೆಗೆಂದು ಜೊತೆಗೆ ನಡೆದಳು. ಗಾಡಿ ನಿಧಾನ, ಆದರೆ ಗಟ್ಟಿ. ನೀಲಿ ಗೇಟು ಬಂತು. ಕಂಡಕ್ಟರು ಕೊಳವೆ ಹಿಡಿದು ನಿಂತೇ ಇದ್ದರು. ದಾಟಿದರೆ ಸಾಕಪ್ಪಾ ಎಂದು ಸೊಸೆ ಮನಸ್ಸಿನಲ್ಲೇ ಕೈಮುಗಿದಳು.

"ನಿಲ್ಲಿಸು," ಎಂದರು ಅತ್ತೆ.

ಹಾರ್ನಪ್ಪ ಗಾಬರಿಯಿಂದ ಬ್ರೇಕು ಒತ್ತಿದ. "ಇಲ್ಲೇನಾ ಅಮ್ಮಾ? ಈ ತಿರುವಲ್ಲೇನಾ?"

"ಹ್ಞೂಂ, ಇಲ್ಲೇ." ಸೊಸೆಯ ಕಡೆ ತಿರುಗಿ, "ನಿಂತಲ್ಲಿಂದ ಅಂದಿದ್ಯಲ್ಲ?" ಎಂದರು. ಆಮೇಲೆ ಕತ್ತೆತ್ತಿ ಗೇಟಿನ ಕಡೆ ನೋಡಿದರು. "ಏನ್ರೀ ಕಂಡಕ್ಟರೇ, ಇಳೀಬೇಕಾ?"

ಕಂಡಕ್ಟರಿಗೆ ಎಂಟು ತಿಂಗಳ ಹಿಂದಿನದು ನೆನಪಾಗಿರಬೇಕು. ನೀರು ತಮ್ಮ ಕಾಲ ಮೇಲೇ ಸುರಿಯುತ್ತಿದ್ದುದೂ ಅವರ ಅರಿವಿಗೆ ಬರಲಿಲ್ಲ. ಮೂವತ್ತು ವರ್ಷದ ಅಭ್ಯಾಸದ ಕಂಠ ತೆರೆದು, ಗೇಟಿನ ತಗಡಿಗೆ ಎರಡು ಬಾರಿ ಬಡಿದರು. "ಇಳಿಯೋದು ಬೇಡಮ್ಮಾ! ಕೂತ್ಕೊಳ್ಳಿ! ರೈಟ್, ರೈಟ್!"

ಹಾರ್ನಪ್ಪ ಪೆಡಲು ತುಳಿದ. ಹಾರ್ನು ಹೊಡೆಯುವುದನ್ನೂ ಮರೆತಿದ್ದ. ಮೋಟಾರು ಒಮ್ಮೆ ಗುರುಗುಟ್ಟಿತು. ಚಕ್ರ ಒಂದು ಗೇಣು ಉರುಳಿತು, ಇನ್ನೊಂದು ಗೇಣು, ಆಮೇಲೆ ಗಾಡಿ ಏನೂ ಆಗಿಲ್ಲವೆಂಬಂತೆ ಹೊರಟೇಹೋಯಿತು. ಸೊಸೆಗೆ ಕಣ್ಣು ತುಂಬಿ ದಾರಿ ಮಂಜಾಯಿತು. ಸೆರಗಿನಲ್ಲಿ ಒರೆಸಿಕೊಳ್ಳುತ್ತ ಹಿಂದೆಯೇ ನಡೆದಳು. ಗಾಡಿಗಿಂತ ಅವಳ ನಡಿಗೆಯೇ ಜೋರಾಗಿತ್ತು.

ಅತ್ತೆ ಸೀಟಿನ ಅಂಚಿಗೆ ಸರಿದು ಪಕ್ಕದ ಜಾಗ ತಟ್ಟಿದರು.

"ಬಾ, ಕೂತ್ಕೋ. ನಿನ್ನನ್ನೂ ಎಳೆಯುತ್ತೆ."

"ಭಾರ ಆಗುತ್ತೆ ಅತ್ತೆ."

"ಎಷ್ಟಿದ್ದೀಯ ಹೇಳು, ನೋಡೋಣ," ಎಂದರು ಅತ್ತೆ. "ಕಳೀದೆ ಹೇಳು."