ಐದು ಖಾಲಿ ಸಾಲು

ಠಾಣೆಯ ದಿನಚರಿ ಬರೆಯುವ ಹೆಡ್ ಕಾನ್‌ಸ್ಟೇಬಲ್‌ಗೆ ಎಲ್ಲರೂ ಇಟ್ಟ ಹೆಸರು ರೈಟರಮ್ಮ. ಹೆತ್ತವರು ಇಟ್ಟದ್ದು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಯಾರನ್ನು ಎಷ್ಟು ಗಂಟೆಗೆ ತಂದರು, ಎಷ್ಟು ಗಂಟೆಗೆ ಬಿಟ್ಟರು, ಎಲ್ಲವೂ ಅವಳ ಕೈಬರಹದಲ್ಲೇ. ಆ ಠಾಣೆಯಲ್ಲೊಂದು ಪದ್ಧತಿಯಿತ್ತು: ಪ್ರತಿ ಪುಟದಲ್ಲೂ ಐದು ಸಾಲು ಖಾಲಿ ಬಿಡಬೇಕು. ಇಪ್ಪತ್ನಾಲ್ಕು ಗಂಟೆಯೊಳಗೆ ಕೋರ್ಟಿಗೆ ಒಪ್ಪಿಸಬೇಕಾದ ಲೆಕ್ಕ ತಪ್ಪಿಸಲು, ಬೆಳಿಗ್ಗೆ ಎಳೆದು ತಂದವನನ್ನು ಸಂಜೆ ತಂದಂತೆ ಆಮೇಲೆ ಬರೆದು ತೋರಿಸಲು ಆ ಜಾಗ ಬೇಕಿತ್ತು. ಎಂಟು ವರ್ಷ ಅವಳೂ ತುಟಿ ಪಿಟಕ್ಕೆನ್ನದೆ ಬಿಟ್ಟಿದ್ದಳು.

ಒಂದು ದಿನ ಗಾರೆ ಕೆಲಸದವನೊಬ್ಬನನ್ನು ಬೆಳಿಗ್ಗೆಯೇ ತಂದು ಕೂಡಿಹಾಕಿದರು. ಅವನ ಹೆಂಡತಿ ದಿನವಿಡೀ ಎದುರಿನ ಬೆಂಚಿನಲ್ಲಿ ಕೂತಿದ್ದಳು. ರಾತ್ರಿ, ಖಾಲಿ ಬಿಟ್ಟ ಸಾಲಿನಲ್ಲಿ ಸಂಜೆ ಐದು ಗಂಟೆಗೆ ತಂದದ್ದೆಂದು ರೈಟರಮ್ಮ ಬರೆಯುತ್ತಿದ್ದಾಗ ಆಕೆ ಮೇಜಿನ ಹತ್ತಿರ ಬಂದಳು.

"ಅಕ್ಕಾ, ಬೆಳಗಿಂದ ನನ್ ಮುಖ ನೋಡ್ತಾನೇ ಇದೀರಲ್ಲ. ಆದ್ರೂ ಸಂಜೆ ಅಂತ ಬರೀತೀರಾ?"

ಮರುದಿನದಿಂದ ರೈಟರಮ್ಮ ಸಾಲು ಬಿಡುವುದನ್ನು ನಿಲ್ಲಿಸಿದಳು. ಇನ್ಸ್‌ಪೆಕ್ಟರ್ ಮೊದಲು ನಕ್ಕ, ಆಮೇಲೆ ರೇಗಿದ. ವರ್ಷ ಕಳೆದ ಮೇಲೆ ಅವಳ ಬಡ್ತಿಯ ಕಾಗದ ಅಭಿಪ್ರಾಯಕ್ಕಾಗಿ ಅವನ ಮೇಜಿಗೆ ಬಂತು. ಸಬ್ ಇನ್ಸ್‌ಪೆಕ್ಟರ್ ಆಗಲು ಅದೇ ಕೊನೆಯ ಅವಕಾಶ, ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು.

"ಇವತ್ತಿಂದ ಜಾಗ ಬಿಡಿ ರೈಟರಮ್ಮ, ನಾನು ಒಳ್ಳೇದು ಬರೀತೀನಿ."

"ನೀವು ಏನ್ ಬರೀಬೇಕೋ ಬರೀರಿ ಸಾರ್. ನಾನು ನಡೆದದ್ದು ಬರೀತೀನಿ."

ಅವನು ಬರೆದ: ಮೇಲಧಿಕಾರಿಯ ಆದೇಶ ಪಾಲಿಸುವುದಿಲ್ಲ.

ಮನೆಯಲ್ಲಿ ಅತ್ತೆ ತರಾಟೆಗೆ ತೆಗೆದುಕೊಂಡಳು. "ಅವನ ಠಾಣೆ, ಅವನ ಪುಸ್ತಕ. ನಿಂಗ್ಯಾಕೆ ಇಲ್ಲದ ಉಸಾಬರಿ?"

"ಪುಸ್ತಕ ಅವರದ್ದೇ ಅತ್ತೆ. ಅಕ್ಷರ ನಂದು."

ಅತ್ತೆ ಸ್ವಲ್ಪ ಹೊತ್ತು ಗೊಣಗಿ, ಬಡ್ತಿಯ ಸಂದರ್ಶನಕ್ಕೆಂದು ಸೊಸೆಯ ಯೂನಿಫಾರ್ಮಿಗೆ ಇಸ್ತ್ರಿ ಹಾಕತೊಡಗಿದಳು.

ಸಂದರ್ಶನದ ಕೋಣೆಯಲ್ಲಿ ಮೂವರು ಅಧಿಕಾರಿಗಳಿದ್ದರು. ನಡುವೆ ಕೂತಿದ್ದ ನೆರೆಗೂದಲಿನ ಹೆಂಗಸು ಕಾಗದದಿಂದ ತಲೆಯೆತ್ತಿದರು.

"ಯಾವ ಆದೇಶ ಪಾಲಿಸಲಿಲ್ಲ ನೀವು?"

ಹೇಳಿದರೆ ತನ್ನ ಎಂಟು ವರ್ಷವೂ ಬಯಲಿಗೆ ಬರುತ್ತದೆಂದು ರೈಟರಮ್ಮನಿಗೆ ಗೊತ್ತಿತ್ತು.

"ದಿನಚರೀಲಿ ಐದು ಸಾಲು ಖಾಲಿ ಬಿಡೋಕೆ ಹೇಳಿದ್ರು ಮೇಡಂ. ಬಿಡಲಿಲ್ಲ."

"ಮೊದಲಿಂದಲೂ ಹೀಗೇನಾ?"

"ಇಲ್ಲ. ಎಂಟು ವರ್ಷ ಬಿಟ್ಟಿದೀನಿ. ಸುಳ್ಳೂ ತುಂಬಿಸಿದೀನಿ. ಪುಸ್ತಕ ತರಿಸಿ ನೋಡಿ."

ತರಿಸಿಯೇಬಿಟ್ಟರು. ಅವಳು ಎರಡು ಗಂಟೆ ವರಾಂಡದಲ್ಲಿ ಕಾದಳು. ಮತ್ತೆ ಒಳಗೆ ಕರೆದಾಗ ಆ ಹೆಂಗಸಿನ ಮುಂದೆ ಎರಡು ದಪ್ಪ ಪುಸ್ತಕಗಳು ತೆರೆದಿದ್ದವು.

"ಈ ಹದಿನಾಲ್ಕು ತಿಂಗಳಲ್ಲಿ ಒಂದು ಗೆರೆ ಖಾಲಿ ಇಲ್ಲ. ಹಳೇದಕ್ಕೆ ವಿಚಾರಣೆ ಮಾಡಿಸ್ತೀನಿ. ನೀವೂ ಹೇಳಿಕೆ ಕೊಡ್ಬೇಕು. ಶಿಕ್ಷೆ ಆದ್ರೂ ಆಗಬಹುದು."

"ಕೊಡ್ತೀನಿ ಮೇಡಂ."

ಎರಡು ತಿಂಗಳು ವಿಚಾರಣೆ ನಡೆಯಿತು. ಅವಳಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಇನ್ಸ್‌ಪೆಕ್ಟರ್‌ಗೆ ಅಮಾನತು. ಅದಾದ ವಾರಕ್ಕೆ ಬಡ್ತಿಯ ಪಟ್ಟಿ ಬಂತು. ಮೊದಲ ಹೆಸರು ಅವಳದೇ. ಠಾಣೆಯವರು ಯಾರ ಹೆಸರಪ್ಪಾ ಇದು ಎಂದು ಎರಡೆರಡು ಸಲ ಓದಿದರು.

ಹೆಗಲ ಮೇಲೆ ನಕ್ಷತ್ರ ಹೊತ್ತು ಹೊಸ ಠಾಣೆಯ ಕುರ್ಚಿಯಲ್ಲಿ ಕೂತ ದಿನ ಹಳೆಯ ಇನ್ಸ್‌ಪೆಕ್ಟರ್ ಫೋನ್ ಮಾಡಿದ.

"ನನ್ನ ಹೊಟ್ಟೆ ಮೇಲೆ ಹೊಡೆದು ಮೇಲೆ ಹೋದ್ರಿ."

"ಇಲ್ಲ ಸಾರ್, ನಿಮ್ಮ ಉಪಕಾರಾನೇ. ಆ ಒಂದು ಸಾಲು ನೀವು ಬರೀದೇ ಹೋಗಿದ್ರೆ ಅವರು ನನ್ನನ್ನ ಏನೂ ಕೇಳ್ತಾನೇ ಇರಲಿಲ್ಲ."

ಫೋನಿಟ್ಟು, ಟೋಪಿ ತಲೆಗಿಟ್ಟುಕೊಂಡು ಹೊರಗೆ ಬಂದಳು. ಅಂಗಳದಲ್ಲಿ ಸಾಲಾಗಿ ನಿಂತಿದ್ದ ಇಪ್ಪತ್ತೆರಡು ಜನ ಒಮ್ಮೆಲೇ ಸೆಲ್ಯೂಟ್ ಹೊಡೆದರು. ಅವಳೂ ಹೊಡೆದಳು, ಬೆನ್ನು ನೆಟ್ಟಗೆ.