ಬೊಳ್ಳಮ್ಮನ ಎಡಗಾಲು

ಬೆಳಗಾಗುವಷ್ಟರಲ್ಲಿ ಬೊಳ್ಳಮ್ಮನ ಎಡಗಾಲು ಬಾಳೆದಿಂಡಿನಂತೆ ಊದಿತ್ತು. ಬಲಗಾಲು ಕಡ್ಡಿಯಂತೆಯೇ ಇತ್ತು. ಗರ್ಭಕೋಶದ ಕ್ಯಾನ್ಸರಿನ ಚಿಕಿತ್ಸೆಗೆಂದು ಮೈಸೂರಿಗೆ ಹೋಗಿ ಬಂದ ಮೇಲೆ ಅವಳು ಬಿಟ್ಟಂಗಾಲದ ಆಚೆಯ ಕಾಫಿ ಎಸ್ಟೇಟಿನ ಆಳುಗಳ ಲೈನ್‌ಮನೆಯಲ್ಲಿ ಮಲಗಿಯೇ ಇದ್ದಳು.

ಮಗಳು ಅನುಶ್ರೀ ಕಾಲು ಮುಟ್ಟಿ ನೋಡಿದಳು. ಸುಡುತ್ತಿತ್ತು. ಮೈಸೂರಿನ ಡಾಕ್ಟರಮ್ಮನ ಮಾತು ಅವಳಿಗೆ ಬಾಯಿಪಾಠವಾಗಿತ್ತು. "ಈ ಕಾಯಿಲೆಯಲ್ಲಿ ರಕ್ತ ಒಳಗೇ ಹೆಪ್ಪುಗಟ್ಟುತ್ತೆ. ಒಂದೇ ಕಾಲು ಊದಿದ್ರೆ ಕಾಯಬೇಡಿ. ಹೆಪ್ಪು ಶ್ವಾಸಕೋಶಕ್ಕೆ ಹೋದ್ರೆ ಉಳಿಯೋದು ಕಷ್ಟ."

ಎಸ್ಟೇಟಿನ ಲೆಕ್ಕ, ಉಸ್ತುವಾರಿ ನೋಡಿಕೊಳ್ಳುವ ರೈಟರ್ ಕುಶಾಲಪ್ಪ ಆಳುಗಳನ್ನು ಕಾಫಿಹಣ್ಣಿನ ಪಿಕ್ಕಿಂಗಿಗೆ ಬಿಡುತ್ತಿದ್ದ. ಅನುಶ್ರೀ ಓಡಿ ಹೋದಳು.

"ರೈಟ್ರೇ, ಜೀಪು ಕೊಡಿ. ಅವ್ವನ್ನ ವಿರಾಜಪೇಟೆ ಆಸ್ಪತ್ರೆಗೆ ಕರ್ಕೊಂಡೋಗ್ಬೇಕು."

"ಜೀಪು ಹೋಂಸ್ಟೇ ಗೆಸ್ಟ್‌ಗಳಿಗೆ. ಆನೆ ನೋಡ್ಬೇಕಂತೆ ಅವ್ರಿಗೆ. ಕಾಲು ಊದಿದ್ದಕ್ಕೆ ಎಂತ ಗಲಾಟೆ? ಎಣ್ಣೆ ಹಚ್ಚಿ ತಿಕ್ಕು."

"ತಿಕ್ಕಬಾರ್ದಂತೆ. ಒಳಗೆ ರಕ್ತ ಗಟ್ಟಿಯಾಗಿರ್ತದೆ."

"ಓಹೋ, ನೀನು ಡಾಕ್ಟ್ರಾ? ಹಣ್ಣು ಉದುರ್ತಾ ಉಂಟು. ಹೋಗು ಕೆಲ್ಸಕ್ಕೆ."

ಲೈನಿನ ಮನೆಗಳ ಹತ್ತಿರ ಫೋನಿಗೆ ಸಿಗ್ನಲ್ ಇಲ್ಲ. ಅವಳು ಗುಡ್ಡ ಹತ್ತಿ ಆಂಬುಲೆನ್ಸಿಗೆ ಫೋನು ಮಾಡಿದಳು. ಆಂಬುಲೆನ್ಸ್ ಬಂತು, ಗೇಟಿನ ಹೊರಗೇ ನಿಂತಿತು. ಹಣ್ಣು ಕದ್ದಾರೆಂದು ಪಿಕ್ಕಿಂಗ್ ಕಾಲದಲ್ಲಿ ಗೇಟಿಗೆ ಬೀಗ. ಕೀ ಕುಶಾಲಪ್ಪನ ಜೇಬಿನಲ್ಲಿ. ಕುಶಾಲಪ್ಪ ಗೆಸ್ಟ್‌ಗಳ ಜೊತೆ ಜೀಪಿನಲ್ಲಿ.

ಪಕ್ಕದ ಮನೆಯ ಕಮಲ, ಇನ್ನಿಬ್ಬರು ಹೆಂಗಸರು ಬೊಳ್ಳಮ್ಮನನ್ನು ಮಲಗಿಸಿದ ಕಂಬಳಿಯ ಮೂಲೆ ಹಿಡಿದರು. ನಾಲ್ಕನೆಯದು ಅನುಶ್ರೀಯ ಕೈಯಲ್ಲಿತ್ತು.

"ಅನೂ, ಉಸಿರು ಸಿಕ್ತಿಲ್ಲ ಕೂಸೇ."

"ಇಗಾ ಬಂತವ್ವಾ, ಗೇಟು ಬಂತು."

ಗೇಟು ಬಂತು. ಬೊಳ್ಳಮ್ಮನ ತುಟಿ ನೀಲಿಗಟ್ಟಿತ್ತು. ಆಂಬುಲೆನ್ಸಿನ ನರ್ಸ್ ಸರಳುಗಳ ನಡುವೆ ಕೈ ತೂರಿಸಿ ನಾಡಿ ಹಿಡಿದ. ತುಂಬ ಹೊತ್ತು ಹಿಡಿದ. ಆಮೇಲೆ ಕೈಯನ್ನು ಹಿಂದಕ್ಕೆಳೆದುಕೊಂಡ.

ಸಂಜೆ ಕುಶಾಲಪ್ಪ ಕಾಗದ ತಂದ. 'ಕ್ಯಾನ್ಸರಿನಿಂದ ಸಾವು. ಎಸ್ಟೇಟಿನ ಕಡೆಯಿಂದ ಯಾವ ಲೋಪವೂ ಇಲ್ಲ.'

"ಇವತ್ತಲ್ಲ ನಾಳೆ ಹೋಗೋಳೇ ಮಾರಾಯ್ತಿ. ಸೈನ್ ಹಾಕು."

"ನಾಳೆ ಹೋಗ್ತಿದ್ಲೋ ಏನೋ. ಇವತ್ತು ನೀವು ಕಳ್ಸಿದ್ರಿ."

ಹೊತ್ತು ತಂದ ಮೂವರಿಗೂ ಇದ್ದದ್ದು ಎಸ್ಟೇಟಿನ ಲೈನ್‌ಮನೆಯೇ. ತಲೆ ಎತ್ತದೆ ಸಾಕ್ಷಿಗೆ ಹೆಬ್ಬೆಟ್ಟೊತ್ತಿದರು. ಅನುಶ್ರೀ ಪೆನ್ನು ತೆಗೆದುಕೊಂಡು, ಸಹಿ ಹಾಕಬೇಕಾದಲ್ಲಿ 'ಗೇಟಿಗೆ ಬೀಗ ಹಾಕಿತ್ತು' ಎಂದು ಬರೆದಳು.

ಕುಶಾಲಪ್ಪ ಓದಿದ. ಪರಪರ ಹರಿದು ಬಿಸಾಡಿದ. ಅದನ್ನೇ ಬರೆದಿದ್ದ ಇನ್ನೊಂದು ಕಾಗದ ತೆಗೆದ. ಮೂವರೂ ಮತ್ತೆ ಒತ್ತಿದರು.

"ಇವ್ಳದ್ದು ಬೇಡ. ಇಷ್ಟು ಸಾಕು," ಎಂದು ಮಡಚಿಕೊಂಡು ಹೊರಟ.

ಅನುಶ್ರೀ ಬಗ್ಗಿ ನೆಲದ ಮೇಲಿನ ಚೂರುಗಳನ್ನು ಆಯತೊಡಗಿದಳು. ಹೆಬ್ಬೆರಳಿನ ಶಾಯಿ ಇನ್ನೂ ಆರದ ಕಮಲ ಪಕ್ಕದಲ್ಲಿ ಕುಳಿತು ತಾನೂ ಆಯತೊಡಗಿದಳು.