ಐವತ್ತರ ಮುಚ್ಚಳ

"ಈ ತುದಿ ಸ್ವಲ್ಪ ಹಿಡ್ಕೋತೀಯಾ?" ಎಂದು ಸರ್ವೇಯರು ಉಕ್ಕಿನ ಟೇಪನ್ನು ಹೊಲಿಗೆ ಮಶೀನಿನ ಕಡೆಗೆ ಚಾಚಿದರು.

ಹೆಂಡತಿ ತುಳಿಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಅಂಚು ಮುಗಿಯುವವರೆಗೂ ಹೊಲಿದು, ದಾರ ಕತ್ತರಿಸಿ, ಬಟ್ಟೆ ಮಡಚಿಟ್ಟು, ಆಮೇಲೆ ಎರಡು ಬೆರಳಲ್ಲಿ ಟೇಪಿನ ತುದಿ ಹಿಡಿದಳು.

"ಮನೆಯೊಳಗೂ ಗಡಿಕಲ್ಲು ನೆಡ್ತೀರಾ ಹೇಗೆ?"

"ಏಳು ಅಡಿ ಎರಡು ಇಂಚು," ಎಂದು ತಮಗೆ ತಾವೇ ಹೇಳಿಕೊಂಡು ಸರ್ವೇಯರು ಕುರ್ಚಿಯಲ್ಲಿ ಕೂತು ಹಳೆಯ ನೋಟುಬುಕ್ಕಿನಲ್ಲಿ ಬರೆದುಕೊಂಡರು.

"ನೋಡಿ, ನಿಮ್ಮ ಟೇಪು ಹೊಲಕ್ಕೆ, ನನ್ನ ಟೇಪು ಸೊಂಟಕ್ಕೆ. ಮನೆಯೊಳಗೆ ನಡೆಯೋದು ನನ್ನದೇ."

"ನಡೀಲಿ ಬಿಡು. ನಾನೇನು ಸೊಂಟ ಅಳೀತಿಲ್ಲವಲ್ಲ."

"ಅಳೀತೀನಿ ಅಂದ್ರೂ ನಿಮ್ಮ ಸೊಂಟಕ್ಕೆ ನನ್ನ ಟೇಪು ಸಾಲಲ್ಲ," ಎಂದು ಆಕೆ ನಕ್ಕಳು. ನಗು ತುಟಿಗೆ ಬರುವುದಕ್ಕೂ ಎಡಗೈ ಬಾಯಿಗೆ ಅಡ್ಡ ಬರುವುದಕ್ಕೂ ಸರಿಹೋಯಿತು.

ಮೂರು ವರ್ಷದಿಂದ ಹೀಗೆಯೇ. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಜಾರಿ ಹೋಗಿತ್ತು. ಕನ್ನಡಿ ನೋಡಿದರೆ ಮುಖದ ಎಡ ಪಕ್ಕ ಹೇಳಿದ ಮಾತು ಕೇಳುತ್ತಿರಲಿಲ್ಲ. ನರದ ತೊಂದರೆ, ಪ್ರಾಣಕ್ಕೇನೂ ಭಯವಿಲ್ಲ, ಬಹಳಷ್ಟು ವಾಪಸು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಹಳಷ್ಟು ಬಂದಿತು ಕೂಡ. ಎಡಗಣ್ಣಿನ ರೆಪ್ಪೆ ಕೊಂಚ ಸೋಮಾರಿಯಾಗಿ ಉಳಿಯಿತು, ತುಟಿಯ ಎಡ ಕೊನೆ ಇಳಿದೇ ಇತ್ತು. ಮೊದಲು ಆಕೆ ಹೊಲಿಯುವಾಗ ನಾಲ್ಕಾರು ಗುಂಡುಸೂಜಿಗಳನ್ನು ತುಟಿಯಲ್ಲೇ ಕಚ್ಚಿಕೊಂಡು, ಅವುಗಳ ಸಂದಿನಿಂದಲೇ ಗಿರಾಕಿಗಳ ಜೊತೆ ಮಾತಾಡುತ್ತಿದ್ದಳು. ಈಗ ಸೂಜಿ ನಿಲ್ಲುತ್ತಿರಲಿಲ್ಲ. ಸೆರಗಿಗೆ ಚುಚ್ಚಿಟ್ಟುಕೊಂಡು, ಮರೆತು, ಊಟಕ್ಕೆ ಕೂತಾಗ ಚುಚ್ಚಿಸಿಕೊಂಡು ಬೈದುಕೊಳ್ಳುತ್ತಿದ್ದಳು.

ಅದೇ ವಾರ ಆಕೆ ಮಶೀನನ್ನೂ ಎಳೆದು ತಿರುಗಿಸಿ ಹಾಕಿದ್ದಳು. ಹಿಂದೆ ಕಿಟಕಿ ಅವಳ ಎಡಕ್ಕಿತ್ತು, ಬೆಳಕು ನೇರವಾಗಿ ಸೂಜಿಯ ಮೇಲೆ ಬೀಳುತ್ತಿತ್ತು. ಈಗ ಎಡಕ್ಕೆ ಗೋಡೆ. ಕಿಟಕಿ, ಗಿರಾಕಿಗಳ ಬೆಂಚು, ಗಂಡನ ಕುರ್ಚಿ ಎಲ್ಲವೂ ಬಲಕ್ಕೆ. ತನ್ನದೇ ಬಲಗೈಯ ನೆರಳಿನಲ್ಲಿ ಹೊಲಿಗೆ ಕಾಣದೆ ಹಗಲಲ್ಲೂ ದೀಪ ಹಾಕಿಕೊಳ್ಳುತ್ತಿದ್ದಳು. ಮಶೀನಿನ ಕಾಲುಗಳು ಮೊದಲಿದ್ದ ಜಾಗದಲ್ಲಿ ನೆಲದ ಮೇಲೆ ತುಕ್ಕಿನ ನಾಲ್ಕು ಗುರುತು ಉಳಿದಿದ್ದವು. ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಅಂದಿನಿಂದ ಒಬ್ಬರಿಗೂ ಆಕೆ ಫೋಟೋ ತೆಗೆಯಲು ಬಿಟ್ಟಿರಲಿಲ್ಲ. ತಮ್ಮನ ಮಗಳ ಮದುವೆಯಲ್ಲೂ ಎಲ್ಲರ ಸೀರೆಯ ಅಂಚು ಸರಿಮಾಡಿ, ಸಾಲಾಗಿ ನಿಲ್ಲಿಸಿ, ಕೊನೇ ಗಳಿಗೆಯಲ್ಲಿ ತಾನು ಪಕ್ಕಕ್ಕೆ ಸರಿದಿದ್ದಳು.

ಸರ್ವೇಯರಿಗೆ ಬೇಕಾಗಿದ್ದದ್ದು ಅವಳದೊಂದು ಫೋಟೋ. ಬಲಗಡೆಯದಲ್ಲ, ಪೂರಾ ಮುಖದ್ದು. ಇದನ್ನು ಅವರು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಕೆಲಸದಿಂದ ನಿವೃತ್ತರಾದ ಮೇಲೆ ಒಂದು ಚಟ ಬೇಕಲ್ಲ ಎಂದಷ್ಟೇ ಹೇಳಿ, ಜಮೀನು ಅಳೆಯಲು ದುರ್ಬೀನಿನಂತೆ ಕಣ್ಣಿಟ್ಟು ನೋಡುವ ತಮ್ಮ ಸ್ವಂತದ ಹಿತ್ತಾಳೆಯ ಯಂತ್ರ ಥಿಯೊಡೊಲೈಟನ್ನು ಕ್ಯಾಮೆರಾ ರಿಪೇರಿಯವನಿಗೆ ಕೊಟ್ಟು, ಅವನು ಬಿಚ್ಚಿ ಜೋಡಿಸಿ ಸರಿಮಾಡಿದ್ದ ಒಂದು ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ ಪಡೆದುಕೊಂಡಿದ್ದರು. ರಿಪೇರಿಯವನು ಬಾಲ್ಯದ ಗೆಳೆಯ. ಆ ಹಿತ್ತಾಳೆಯ ಯಂತ್ರದ ಮೇಲೆ ಅವನ ಕಣ್ಣು ಬಿದ್ದು ಇಪ್ಪತ್ತು ವರ್ಷವಾಗಿತ್ತು. ಅದನ್ನು ಒಯ್ಯಲು ತಾನೇ ಬಂದವನು ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಾ, ಬಿಸ್ಕತ್ತಿನ ಡಬ್ಬಿಯೊಂದರಿಂದ ಮೂರು ಲೆನ್ಸು ತೆಗೆದು ಸಾಲಾಗಿ ಇಟ್ಟಿದ್ದ. ಮೂವತ್ತೈದು, ಐವತ್ತು, ತೊಂಬತ್ತು ಮಿಲಿಮೀಟರಿನವು.

"ಒಂದೇ ಒಂದು ಇಟ್ಕೋಬೇಕು ಕಣಯ್ಯಾ. ದಿನಾ ಬಳಸೋಕೆ ಒಂದೇ ಸಾಕು. ಮೂರಿದ್ರೆ ಕೈ ಚೀಲದೊಳಗೇ ಇರುತ್ತೆ, ಎದುರಿಗಿದ್ದದ್ದು ಎದ್ದು ಹೋಗಿರುತ್ತೆ. ಎಂಟು ದಿನ ಮೂರೂ ನಿನ್ನ ಹತ್ರ ಇರಲಿ. ಆಮೇಲೆ ಎರಡನ್ನ ತಂದುಕೊಡು. ಮುಚ್ಚಳ ಸಮೇತ. ಮುಚ್ಚಳ ಇಲ್ಲದ ಲೆನ್ಸನ್ನ ನಾನು ವಾಪಸ್ ತಗೊಳ್ಳಲ್ಲ. ಸ್ನೇಹ ಬೇರೆ, ಮುಚ್ಚಳ ಬೇರೆ."

"ಕೇಳಿಸ್ಕೊಂಡ್ರಾ?" ಎಂದಿದ್ದಳು ಹೆಂಡತಿ ಮಶೀನಿನಿಂದಲೇ. "ಕನ್ನಡಕದ ಡಬ್ಬಿ ವಾರಕ್ಕೊಂದು ಕಳೆಯೋರಿಗೆ ಹೇಳ್ತಿದ್ದಾರೆ."

"ನೀವೇ ಸ್ವಲ್ಪ ನೋಡ್ಕೊಳ್ಳಿ ತಂಗ್ಯಮ್ಮ. ಮೂವತ್ತನಾಲ್ಕು ವರ್ಷ ಜನರನ್ನ ತಲೆಕೆಳಗೆ ನೋಡಿದ ಮನುಷ್ಯ ಇವನು. ನೆಟ್ಟಗೆ ನೋಡೋದು ಇನ್ನು ಕಲೀಬೇಕು."

ಅದು ನಿಜವೇ. ಆ ಹಳೆಯ ಯಂತ್ರದಲ್ಲಿ ಕೋಲು ಹಿಡಿದ ಆಳೂ ಮರವೂ ಗುಡ್ಡವೂ ತಲೆಕೆಳಗಾಗಿಯೇ ಕಾಣುತ್ತಿದ್ದವು. ಈ ಕ್ಯಾಮೆರಾದ ರೀತಿ ಬೇರೆ. ನೋಡುವುದು ಲೆನ್ಸಿನ ಮೂಲಕವಲ್ಲ, ಮೇಲಿನ ಮೂಲೆಯಲ್ಲಿ ಬೇರೆಯೇ ಒಂದು ಪುಟ್ಟ ಕಿಟಕಿ. ಅದರೊಳಗೆ ಬೆಳ್ಳಗಿನ ಗೆರೆಯ ಚೌಕಟ್ಟು. ಲೆನ್ಸು ಬದಲಿಸಿದರೆ ಗೆರೆಗಳು ಹಿಗ್ಗುತ್ತವೆ, ಕುಗ್ಗುತ್ತವೆ, ಹೊರಗಿನ ನೋಟ ಮಾತ್ರ ಹಾಗೇ ಇರುತ್ತದೆ. ನಡುವಿನ ಸಣ್ಣ ತುಣುಕಿನಲ್ಲಿ ಎದುರಿನ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತಾ ಹೋದರೆ ಎರಡೂ ಸರಿದು ಬಂದು ಒಂದರ ಮೇಲೊಂದು ಕೂರುತ್ತವೆ. ಆಗ ಗುಂಡಿ ಒತ್ತಬೇಕು. ಗಡಿಯ ಹೊರಗೆ ಏನಿದೆಯೆಂಬುದೂ ಕಾಣುತ್ತದಲ್ಲ ಎಂದು ಸರ್ವೇಯರಿಗೆ ಇದು ಮೊದಲ ದಿನವೇ ಹಿಡಿಸಿಬಿಟ್ಟಿತ್ತು.

ಮೊದಲೆರಡು ದಿನ ತೊಂಬತ್ತು. ದೂರದ್ದನ್ನು ಎಳೆದು ತರುವ ಲೆನ್ಸು. ಹೆಂಡತಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಸರ್ವೇಯರು ನೀರಿನ ತೊಟ್ಟಿಯ ಹಿಂದೆ ಬಗ್ಗಿ ನಿಂತು ಒಂದು ತೆಗೆದರು. ಎಡಗಡೆಯ ಮುಖ, ಒದ್ದೆ ಬಟ್ಟೆಯ ಬಿಳುಪು, ಚೆನ್ನಾಗಿಯೇ ಬಂದಿತ್ತು. ತೋರಿಸದೆ ಇರುವುದು ಅವರಿಂದಾಗಲಿಲ್ಲ. ಆಕೆ ಬಹಳ ಹೊತ್ತು ನೋಡಿ, "ಬೇಟೆಗೆ ಹೊಂಚು ಹಾಕಿದ ಹಾಗಿದೆ. ಅಳಿಸಿ," ಎಂದಳು. ಅವಳೆದುರಿಗೇ ಅಳಿಸಿದರು. ಆ ದಿನವಿಡೀ ಮನೆಯಲ್ಲಿ ಮಶೀನಿನ ಸದ್ದು ಬಿಟ್ಟು ಬೇರೆ ಮಾತಿರಲಿಲ್ಲ.

ಆಮೇಲೆರಡು ದಿನ ಮೂವತ್ತೈದು. ಇದರಲ್ಲಿ ಇಡೀ ಕೋಣೆಯೇ ಬರುತ್ತಿತ್ತು. ಬೆಂಚು, ದೀಪ, ಗೋಡೆಗೆ ಒರಗಿಸಿಟ್ಟ ಕಸಪೊರಕೆ, ನಡುವೆ ಹೆಬ್ಬೆರಳಿನಷ್ಟು ಹೆಂಡತಿಯ ಬಲಗೆನ್ನೆ. "ನನಗಿಂತ ಪೊರಕೇನೇ ಚೆನ್ನಾಗಿ ಬಂದಿದೆ," ಎಂದಳು ಆಕೆ. ದೊಡ್ಡದಾಗಿ ಬರಲೆಂದು ಎರಡೂವರೆ ಅಡಿಗೆ ಹೋದರೆ, ಕೊರಳಲ್ಲಿದ್ದ ಅಳತೆಯ ಟೇಪನ್ನು ಮುಖಕ್ಕೆ ಹಿಡಿದುಕೊಂಡು, "ಡಾಕ್ಟರೂ ಇಷ್ಟು ಹತ್ತಿರ ಬಂದಿರಲಿಲ್ಲ, ಆಚೆ ಹೋಗಿ," ಎಂದು ಅಟ್ಟಿದಳು.

ಎಂಥ ತಕರಾರಿನ ಜಮೀನಾದರೂ ಸರ್ವೇಯರಿಗೆ ಗೊತ್ತಿದ್ದ ಮದ್ದು ಒಂದೇ, ಅಳೆಯುವುದು. ಹಾಗಾಗಿ ಐದನೆಯ ದಿನ ಟೇಪು ಹೊರಗೆ ಬಂದಿತ್ತು. ಅಂದೆಲ್ಲ ಒಳಗೂ ಹೊರಗೂ ಓಡಾಡಿ, ತಾವು ಕೂರುವ, ನಿಲ್ಲುವ ಜಾಗಗಳಿಂದ ಅಳೆದರು. ಸಂಜೆ ಲೆಕ್ಕ ಹಾಕಿ, ಸರಾಸರಿ ತೆಗೆದು, ಆ ದೂರಕ್ಕೆ ನಡುವಿನ ಲೆನ್ಸೇ ಸರಿಯೆಂದು ಕ್ಯಾಮೆರಾಕ್ಕೆ ಐವತ್ತನ್ನು ಕೂರಿಸಿ, ನೋಟುಬುಕ್ಕನ್ನು ಬೆಂಚಿನ ಮೇಲೇ ಬಿಟ್ಟು ಕಾಲು ತೊಳೆಯಲು ಹೋದರು.

ವಾಪಸು ಬಂದಾಗ ಹೆಂಡತಿ ಅದನ್ನು ಓದುತ್ತಿದ್ದಳು. ದುಂಡಗಿನ ಅಕ್ಷರ, ಹೊಲದ ಅಳತೆ ಬರೆದ ಹಾಗೆಯೇ. ಮಶೀನು, ಏಳು ಅಡಿ ಎರಡು ಇಂಚು. ಒಲೆ, ಒಂಬತ್ತು ಅಡಿ. ಬಟ್ಟೆಯ ಹಗ್ಗ, ಇಪ್ಪತ್ತೆರಡು. ಸಂಜೆ ಕೂರುವ ಮೆಟ್ಟಿಲು, ಆರು ಅಡಿ ಐದು ಇಂಚು. ಕನ್ನಡಿ, ನಾಲ್ಕು ಅಡಿ.

"ಇದರಲ್ಲಿ ಬೀದಿ ಇಲ್ಲ, ಮರ ಇಲ್ಲ. ನಿಮ್ಮ ಗೆಳೆಯನ ಅಂಗಡೀನೂ ಇಲ್ಲವಲ್ಲ," ಎಂದಳು.

"ಅಲ್ಲೆಲ್ಲ ನೀನು ಎಲ್ಲಿರ್ತೀಯ?" ಎಂದರು ಸರ್ವೇಯರು, ಕಾಲು ಒರೆಸಿಕೊಳ್ಳುತ್ತಾ.

ಆಕೆ ನೋಟುಬುಕ್ಕನ್ನು ಮುಚ್ಚಿ, ಅದರ ಮೇಲೆ ಇಲ್ಲದ ಧೂಳನ್ನು ಸೆರಗಿನಿಂದ ಒರೆಸಿ ಇಟ್ಟಳು. ಹೋಗುವಾಗ ಬಾಗಿಲಲ್ಲಿ ನಿಂತು, "ನಾಳೆ ಬೆಳಿಗ್ಗೆ ತೆಗೀರಿ. ಒಂದೇ ಸಲ. ಆಮೇಲೆ ಕೇಳಬಾರದು," ಎಂದಳು.

ಮರುದಿನ ಬೆಳಿಗ್ಗೆ ಆಕೆ ಮೆಟ್ಟಿಲ ಮೇಲೆ ಬಂದು ಕೂತಳು. ಪೂರ್ವದ ಬೆಳಕು ನೇರ ಮುಖದ ಮೇಲೆ. ಒಮ್ಮೆ ಎಡಗೈ ಮೇಲೆದ್ದಿತು. ಅದನ್ನು ತಾನೇ ಹಿಡಿದು ತಂದು ಮಡಿಲಲ್ಲಿ ಇಟ್ಟುಕೊಂಡು, ಮೇಲೆ ಬಲಗೈ ಇಟ್ಟಳು. ಸರ್ವೇಯರು ಆರು ಅಡಿ ಐದು ಇಂಚಿಗೆ ಸ್ಟೂಲು ಹಾಕಿಕೊಂಡು ಕೂತರು. ಕ್ಯಾಮೆರಾದ ಕಿಟಕಿಯೊಳಗೆ ಬೆಳ್ಳಗಿನ ಗೆರೆ, ಗೆರೆಯ ನಡುವೆ ಹೆಂಡತಿ. ಸಣ್ಣ ತುಣುಕಿನಲ್ಲಿ ಅವಳ ಮುಖ ಎರಡಾಗಿ, ಸರಿದು, ಒಂದಾಗಿ ಕೂತಿತು. ತೆಗೆದರು. ಆಕೆ ರೆಪ್ಪೆ ಬಡಿದಳು, ತೆಗೆದರು. ಮೊದಲ ವರ್ಷ ಗಂಡನಿಗೆ ಹೊಲಿದ ಅಂಗಿಗೆ ಎಡತೋಳು ಬಲಕ್ಕೆ ಜೋಡಿಸಿದ್ದನ್ನು ನೆನೆದು ತಾನೇ ಮಾತಾಡತೊಡಗಿದಳು. ನೀವು ಅದನ್ನೇ ಹಾಕ್ಕೊಂಡು ಆಫೀಸಿಗೆ ಹೋಗಿ ಬಂದ್ರಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಕೈ ಮಡಿಲಿನಿಂದ ಏಳಲಿಲ್ಲ. ತೆಗೆದದ್ದನ್ನು ಆಗಾಗ ನೋಡುತ್ತಾ ಕೂರಬೇಡ, ಎದುರಿಗಿದ್ದದ್ದು ಸುಮ್ಮನಾಗುತ್ತೆ ಎಂದು ರಿಪೇರಿಯವನು ಕ್ಯಾಮೆರಾ ಹಿಂಬದಿಯ, ಫೋಟೋ ಕಾಣುವ ಪರದೆಯನ್ನು ಆರಿಸಿ ಕೊಟ್ಟಿದ್ದ. ಬೆಳಕು ಹೆಚ್ಚು ಕಡಿಮೆ ಮಾಡುವ ಗಾಲಿಯನ್ನೂ ಒಂದು ಕಡೆ ನಿಲ್ಲಿಸಿ ಮುಟ್ಟಬೇಡ ಎಂದಿದ್ದ. ಸರ್ವೇಯರು ಎರಡನ್ನೂ ಚಾಚೂ ತಪ್ಪದೆ ಪಾಲಿಸಿದರು. ನಲವತ್ತು ಫೋಟೋ ಆದ ಮೇಲೆ ಆಕೆ, "ಸಾಕು, ಹಾಲು ಉಕ್ಕುತ್ತೆ," ಎಂದು ಎದ್ದು ಒಳಗೆ ಹೋದಳು.

ಸರ್ವೇಯರು ಕ್ಯಾಮೆರಾದ ಪರದೆಯನ್ನು ಬೆಳಗಿಸಿದರು. ಕಪ್ಪು. ಹಿಂದಿನದು, ಅದೂ ಕಪ್ಪು. ಅದರ ಹಿಂದಿನದೂ. ಕ್ಯಾಮೆರಾವನ್ನು ತಮ್ಮ ಕಡೆ ತಿರುಗಿಸಿದರು. ಲೆನ್ಸಿನ ಮೇಲೆ ಮುಚ್ಚಳ ಗಟ್ಟಿಯಾಗಿ ಕೂತಿತ್ತು.

ಒಂದು ಕಡೆಯ ಅಳತೆ ಮುಗಿಸಿದ ತಕ್ಷಣ ಯಂತ್ರಕ್ಕೆ ಮುಚ್ಚಳ ಹಾಕುವುದು ಮೂವತ್ತನಾಲ್ಕು ವರ್ಷದ ರೂಢಿ. ಹಿಂದಿನ ಸಂಜೆ ಲೆನ್ಸು ಕೂರಿಸಿದೊಡನೆ ಕೈ ತಾನಾಗಿ ಮುಚ್ಚಳ ಹಾಕಿಬಿಟ್ಟಿತ್ತು. ಥಿಯೊಡೊಲೈಟಾದರೆ ಕಣ್ಣಿಟ್ಟೊಡನೆ ಕತ್ತಲು ಕಂಡು ಗೊತ್ತಾಗುತ್ತಿತ್ತು. ಇದರ ಕಿಟಕಿಯೇ ಬೇರೆ. ಲೆನ್ಸು ಕುರುಡಾಗಿದ್ದರೂ ಕಿಟಕಿಯಲ್ಲಿ ಎಲ್ಲವೂ ಬೆಳಗುತ್ತಲೇ ಇತ್ತು.

ಒಳಗೆ ಹೋಗಿ ಹೇಳಲು ಅವರಿಗೆ ಸಾಕಷ್ಟು ಹೊತ್ತು ಹಿಡಿಯಿತು. ಆಕೆ ಹಾಲಿನ ಪಾತ್ರೆ ಇಳಿಸಿ ಕೈ ಒರೆಸಿಕೊಂಡಿದ್ದಳು.

"ಮುಚ್ಚಳ ತೆಗೆದಿರಲಿಲ್ಲ ಕಣೇ."

"ಯಾವುದಕ್ಕೆ?"

ಅವರು ಕ್ಯಾಮೆರಾ ಕೊಟ್ಟರು. ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಪರದೆ ನೋಡಿದಳು. ಹೆಬ್ಬೆರಳಿನಿಂದ ಗುಂಡಿ ಒತ್ತುತ್ತಾ ಒಂದೊಂದಾಗಿ ನೋಡುತ್ತಾ ಹೋದಳು. ಸರ್ವೇಯರು ನೆಲ ನೋಡುತ್ತಾ ನಿಂತರು. ಒಂದೇ ಸಲ ಎಂದಿದ್ದಳು. ಅವಳ ಮಾತೆಂದರೆ ಕತ್ತರಿ ಹಾಕಿದ ಬಟ್ಟೆ.

"ಇದು ಪರವಾಗಿಲ್ಲ," ಎಂದಳು ಆಕೆ ಏಳನೆಯದೋ ಎಂಟನೆಯದೋ ನೋಡುತ್ತಾ. "ಇದರಲ್ಲಿ ಸ್ವಲ್ಪ ಕಣ್ಣು ಮುಚ್ಚಿದೀನಿ ಅನ್ಸುತ್ತೆ." ಇನ್ನೊಂದು. "ಇದರಲ್ಲಿ ನಿಮ್ಮ ಅಂಗಿ ವಿಷಯ ಹೇಳ್ತಿದ್ದೆ." ಮತ್ತೊಂದು. "ಬಣ್ಣ ಮಾತ್ರ ಸ್ವಲ್ಪ ಕಪ್ಪಾಗಿದೆ."

ಅಷ್ಟು ಹೇಳುವಷ್ಟರಲ್ಲಿ ತಡೆಯಲಾಗಲಿಲ್ಲ. ಭುಜ ಅಲುಗಿತು, ಹೊಟ್ಟೆ ಕುಲುಕಿತು, ನಗು ಮುಖಕ್ಕೆ ಹತ್ತಿ ಹರಡಿತು. ಬಾಯಿಗೆ ಅಡ್ಡ ಹಿಡಿಯಲು ಕೈಯಿರಲಿಲ್ಲ. ಎರಡೂ ಕೈಯಲ್ಲಿ ಕ್ಯಾಮೆರಾ ಇತ್ತು, ಅದು ಬಿದ್ದೀತೆಂಬ ಭಯಕ್ಕೆ ಇನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದಳು. ಬಲ ತುಟಿ ಕಿವಿಯವರೆಗೆ ಹೋಗಿತ್ತು. ಎಡದ್ದು ನಿಧಾನವಾಗಿ, ಅರ್ಧ ದಾರಿಯವರೆಗೆ, ಹಿಂದಿನಿಂದ ಬರುತ್ತಿತ್ತು. ಕಣ್ಣಲ್ಲಿ ನೀರು. ಸರ್ವೇಯರ ಕೈ ತಾನಾಗಿ ತಮ್ಮ ಎದೆಯ ಹತ್ತಿರ ಹೋಗಿ ತಡಕಿತು. ಅಲ್ಲಿ ಕ್ಯಾಮೆರಾ ಇರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಅವರು ಮೂರು ಲೆನ್ಸನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿದರು. ಮತ್ತೆ ಕೇಳುವ ಹಾಗಿಲ್ಲ, ಬೀದಿಯ ನಾಯಿ, ಬೇಲಿಯ ಹೂವು ತೆಗೆಯಲು ತಮಗೆ ಯಾವ ಲೆನ್ಸೂ ಬೇಡ, ಮೂರನ್ನೂ ಕೊಟ್ಟು ಬಂದರಾಯಿತು ಎಂದುಕೊಂಡಿದ್ದರು. ತೊಂಬತ್ತರ ಮುಚ್ಚಳ ಇತ್ತು, ಮೂವತ್ತೈದರದ್ದಿತ್ತು. ಐವತ್ತರದ್ದು ಇರಲಿಲ್ಲ. ಬೆಂಚಿನ ಕೆಳಗೆ ನೋಡಿದರು, ಅಂಗಿಯ ಜೇಬು ತಡವಿದರು, ಪೊರಕೆಯಿಂದ ಮಂಚದ ಕೆಳಗೆಲ್ಲ ಎಳೆದರು. ಎರಡು ಕನ್ನಡಕದ ಡಬ್ಬಿ ಸಿಕ್ಕವು.

"ಏನು ಹುಡುಕ್ತಿದ್ದೀರಿ?"

"ಐವತ್ತರ ಮುಚ್ಚಳ."

ಆಕೆ ಮಶೀನಿನ ಹಲಗೆಯ ಕಡೆ ಕಣ್ಣು ಹೊರಳಿಸಿದಳು. ಅಲ್ಲಿ, ದೀಪದ ಕೆಳಗೆ, ಕಪ್ಪು ಮುಚ್ಚಳ ಅಂಗಾತ ಮಲಗಿತ್ತು. ಅದರ ತುಂಬ ಗುಂಡುಸೂಜಿ.

"ಸೆರಗಿಗೆ ಚುಚ್ಚಿಕೊಂಡು ಚುಚ್ಚಿಕೊಂಡು ಸಾಕಾಗಿತ್ತು," ಎಂದು ಒಂದು ಸೂಜಿ ತೆಗೆದು ಬಟ್ಟೆಗೆ ಹಾಕಿದಳು. "ಅಳತೆಗೆ ಸರಿಯಾಗಿದೆ ನೋಡಿ."

"ಮುಚ್ಚಳ ಇಲ್ಲದೆ ಅವನು ತಗೊಳ್ಳಲ್ಲ."

"ಅದು ನನಗೂ ಗೊತ್ತು. ಅವತ್ತು ನಾನೂ ಇಲ್ಲೇ ಕೂತಿದ್ದೆ."

ಸರ್ವೇಯರು ಇನ್ನೇನೋ ಹೇಳಲು ಹೋದರು. ಆಕೆ ತುಳಿಯತೊಡಗಿದ್ದಳು, ಮಶೀನಿನ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಡಬ್ಬಿಯಿಂದ ಐವತ್ತನ್ನು ತೆಗೆದು ಕುರ್ಚಿಯ ಮೇಲಿಟ್ಟು, ಉಳಿದೆರಡನ್ನು ಹಿಡಿದುಕೊಂಡು ಹೊರಟರು.

ರಿಪೇರಿಯವನು ಎರಡೂ ಲೆನ್ಸನ್ನು ಬೆಳಕಿಗೆ ಹಿಡಿದು, ಮುಚ್ಚಳ ಎಣಿಸಿಕೊಂಡು, "ಐವತ್ತೇ ಯಾಕೆ?" ಎಂದು ಕೇಳಿದ.

"ಸೂಜಿ ಹಿಡಿಸುತ್ತೆ," ಎಂದರು ಸರ್ವೇಯರು. ಗೆಳೆಯ ಕನ್ನಡಕದ ಮೇಲಿನಿಂದ ಅವರನ್ನು ನೋಡಿ, ಬಿಸಿಲು ಹತ್ತಿರಬೇಕೆಂದು ಒಂದು ಲೋಟ ನೀರು ತರಿಸಿ ಕೊಟ್ಟ.

ಮನೆಗೆ ಬಂದಾಗ ಮಧ್ಯಾಹ್ನ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಹೊಸ್ತಿಲಲ್ಲೇ ನಿಂತರು. ದೀಪ ಆರಿತ್ತು. ಮಶೀನು ತಿರುಗಿತ್ತು. ಅದರ ನಾಲ್ಕು ಕಾಲೂ ತುಕ್ಕಿನ ಆ ನಾಲ್ಕು ಗುರುತುಗಳ ಮೇಲೆ, ಒಂದು ಬೆರಳಷ್ಟೂ ಆಚೀಚೆಯಾಗದೆ, ನಿಂತಿದ್ದವು. ಎಳೆದಾಡಿದ ದಣಿವಿಗೆ ಹೆಂಡತಿಯ ಹಣೆಯಲ್ಲಿ ಬೆವರಿತ್ತು. ಆಕೆ ತಲೆಯೆತ್ತದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಕಿಟಕಿಯ ಬೆಳಕು ಅವಳ ಎಡಗೆನ್ನೆಯ ಮೇಲೆ ಬಿದ್ದು, ಅಲ್ಲಿಂದ ಬಟ್ಟೆಗೆ ಇಳಿದು, ಮುಚ್ಚಳದೊಳಗಿನ ಗುಂಡುಸೂಜಿಗಳ ತಲೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಕೂತಿತ್ತು.